ಅಮ್ಮ ಕೊಡದ ಕೋಟೆಬಾಗಿಲು

ಮೊನ್ನೆ ಒಂದು ಮದುವೆಯ ಊಟದಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು, ನನ್ನ ಕುಟುಂಬ ಯಾವುದೆಂದು ತಿಳಿದ ಕೂಡಲೇ ಹಪ್ಪಳ ಮುರಿಯುವುದನ್ನು ನಿಲ್ಲಿಸಿ ಹೇಳಿದಳು: "ಓ, ಆ ಹೋಟೆಲಿನವರ ಮನೆಯಾ? ನಿಮ್ಮ ಅಂಕಲ್, ವಾಟ್ ಎ ಜಂಟಲ್‌ಮನ್! ಅಕ್ಕನಿಗೆ ಒಂದಿಡೀ ಕೋಟೆಯನ್ನೇ ಬಿಟ್ಟುಕೊಟ್ಟಿದ್ರಂತಲ್ಲ."

ಬಿಟ್ಟುಕೊಟ್ಟದ್ದು! ನಾನು ಎಲೆ ಮಡಚಿ ಎದ್ದೆ. ಪಾಯಸ ಇನ್ನೂ ಬಂದಿರಲಿಲ್ಲ. ನನ್ನ ವಯಸ್ಸಿನವರು ಪಾಯಸಕ್ಕೆ ಕಾಯದೆ ಏಳಬೇಕಾದರೆ ಎಷ್ಟು ಸಿಟ್ಟು ಬಂದಿರಬೇಕೆಂದು ನೀವೇ ಊಹಿಸಿ. ಆ ಹೆಂಗಸಿನದು ತಪ್ಪಿಲ್ಲ, ಪಾಪ. ಊರೇ ಹಾಗೆ ಹೇಳುತ್ತಾ ಬಂದಿದೆ. ನಡೆದದ್ದು ಏನೆಂದು ಕಣ್ಣಾರೆ ಕಂಡವರಲ್ಲಿ ಉಳಿದವಳು ನಾನೊಬ್ಬಳು, ನಾನೂ ಇಷ್ಟು ಕಾಲ ಬಾಯಿ ಮುಚ್ಚಿಕೊಂಡು ಕೂತೆ. ಕಾನ್ವೆಂಟಿನಲ್ಲಿ ನಮಗೆ ಮೊದಲು ಕಲಿಸಿದ್ದೇ ಅದು: ಎ ಲೇಡಿ ಡಸ್ ನಾಟ್ ಮೇಕ್ ಎ ಸೀನ್. ಈಗ ಸಾಕು. ಬರೆದುಬಿಡುತ್ತೇನೆ.

ನಾವು ತುಳು ಮಾತಾಡುವ, ಗದ್ದೆ ಗುಡ್ಡೆ ಇದ್ದ ಮನೆಯವರು. ನಮ್ಮಲ್ಲಿ ಆಸ್ತಿ ಇಳಿಯುವುದು ತಾಯಿಯ ಕಡೆಯಿಂದ. ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ತಂದೆ ಎಷ್ಟೇ ಪ್ರೀತಿಯವರಾದರೂ ಆ ಮನೆಗೆ ನೆಂಟರೇ. ನನ್ನ ತಂದೆ ಬೊಂಬಾಯಿಯ ಒಂದು ಕಂಪೆನಿಯಲ್ಲಿ ಕೆಲಸಕ್ಕಿದ್ದರು. ಮೇ ತಿಂಗಳಲ್ಲಿ ಹಲ್ವದ ಪೆಟ್ಟಿಗೆ ಹಿಡಿದು ಬರುವರು, ಮಳೆ ಹಿಡಿಯುವ ಮೊದಲು ಹೊರಟುಹೋಗುವರು. ಕುಟುಂಬದಲ್ಲಿ ವಯಸ್ಸಿನಿಂದ ಎಲ್ಲರಿಗಿಂತ ಹಿರಿಯರು ಯಾರೋ ಅವರೇ ಯಜಮಾನರು. ಗಂಡೇ ಆಗಬೇಕೆಂದಿಲ್ಲ. ಹೆಣ್ಣಾದರೆ ಅವಳು ಯಜಮಾಂತಿ. ಇದು ನಾನು ಹೆಂಗಸರ ಪರವಾಗಿ ಕಟ್ಟಿದ ಮಾತಲ್ಲ, ಕಟ್ಟಳೆಯೇ ಹಾಗೆ.

ಅಜ್ಜಿ ತೀರಿಕೊಂಡ ಮೇಲೆ ಮನೆಯಲ್ಲಿ ಹಿರಿಯಳು ನನ್ನ ಅಮ್ಮ. ಮಾವ, ಅಂದರೆ ಅಮ್ಮನ ತಮ್ಮ, ಅವಳಿಗಿಂತ ಚಿಕ್ಕವರು. ಆದರೆ ಊರಿಗೆಲ್ಲ 'ಯಜಮಾನ್ರು' ಎಂದರೆ ಮಾವನೇ. ಒಕ್ಕಲಿನವರು ಅವರ ಮುಂದೆ ನಿಲ್ಲುವರು, ವಕೀಲರು ಅವರಿಗೆ ಕುರ್ಚಿ ಎಳೆದುಕೊಡುವರು. ಅಮ್ಮನನ್ನು ಯಾರಾದರೂ ಏನಾದರೂ ಕೇಳಿದರೆ, "ತಮ್ಮ ಬರ್ಲಿ, ಕೇಳಿ ಹೇಳ್ತೇನೆ" ಎನ್ನುತ್ತಿದ್ದಳು. ತನ್ನ ಜಾಗದಲ್ಲಿ ಇನ್ನೊಬ್ಬ ಕೂತಿದ್ದಾನೆಂದು ಅವಳಿಗೆ ಅನಿಸುತ್ತಿರಲಿಲ್ಲ. ಆ ಜಾಗದಲ್ಲಿ ಅವಳು ಒಂದು ದಿನವೂ ಕೂತು ನೋಡಿದವಳಲ್ಲ.

ನಾವಿದ್ದದ್ದು ಮಂಗಳೂರಿನ ಕೊಟ್ಟಾರದ ಮನೆಯಲ್ಲಿ. ಹಂಚಿನ ಮಾಡು, ಉದ್ದದ ಜಗಲಿ, ಕೆಂಪು ಸಿಮೆಂಟಿನ ನೆಲ. ನನ್ನ ಕೋಣೆಯ ಕಿಟಕಿಯ ಹತ್ತಿರವೇ ಒಂದು ಹಲಸಿನ ಮರ. ಬೇಸಿಗೆಯಲ್ಲಿ ಹಣ್ಣು ಬಿದ್ದ ಸದ್ದಿಗೆ ಎಚ್ಚರವಾಗುತ್ತಿತ್ತು. ಆ ಮನೆಯ ವಿಷಯ ಈಗ ಹೆಚ್ಚು ಬರೆಯುವುದಿಲ್ಲ. ಬರೆದರೆ ಸಿಟ್ಟು ಇಳಿದು ಬೇರೆ ಏನೋ ಬರುತ್ತದೆ.

ಇನ್ನು ಕೋಟೆ. ಬಂಟ್ವಾಳದಿಂದ ಇನ್ನೂ ಆಚೆ, ನಮ್ಮ ಕುಟುಂಬದ ಗುಡ್ಡೆಯ ತಲೆಯ ಮೇಲೆ ಅದು ಹಾಳುಬಿದ್ದಿತ್ತು. ಯಾವುದೋ ಕಾಲದಲ್ಲಿ ಒಬ್ಬಳು ರಾಣಿ ಅಲ್ಲಿಂದ ಆಳಿದ್ದಳಂತೆ. ಕೆಂಪುಕಲ್ಲಿನ ಗೋಡೆಗಳು ಜರಿದು, ಮರಗಳು ಎದ್ದು, ಇಡಿಯಾಗಿ ಉಳಿದದ್ದು ಕರಿಕಲ್ಲಿನ ಹೆಬ್ಬಾಗಿಲು ಮಾತ್ರ. ಬಾಗಿಲ ಒಳಗೆ ಒಂದು ದೈವದ ಕಲ್ಲು. ಆ ಗುಡ್ಡೆಯಿಂದ ಮರವಾಗಲಿ ಕಲ್ಲಾಗಲಿ ಹೊರಗೆ ಹೋಗಬೇಕಾದರೆ ಕುಟುಂಬದ ಹಿರಿಯರು ದೈವದ ಮುಂದೆ ನಿಂತು ಸಣ್ಣ ಮೂತಿಯ ಗಿಂಡಿಯಿಂದ ನೆಲಕ್ಕೆ ನೀರು ಬಿಡಬೇಕು. ನೀರು ಬಿಟ್ಟರೆ ಕೊಟ್ಟ ಹಾಗೆ. ಮದುವೆಯಲ್ಲಿ ಧಾರೆ ಎರೆದ ಹಾಗೆ. ಆಮೇಲೆ ಇಲ್ಲ ಎನ್ನುವಂತಿಲ್ಲ. ಬಿಡದಿದ್ದರೆ ಒಂದು ಹುಲ್ಲುಕಡ್ಡಿಯನ್ನೂ ಯಾರೂ ಮುಟ್ಟುವುದಿಲ್ಲ, ಕೂಲಿಗೆ ಆಳು ಕೂಡ ಸಿಗುವುದಿಲ್ಲ.

ಮಾವನಿಗೆ ಆ ಹೆಬ್ಬಾಗಿಲು ಬೇಕಿತ್ತು. ನನಗೆ ಆಗ ಗೊತ್ತಿರಲಿಲ್ಲ, ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಅವರಿಗೆ ಪೇಟೆಯಲ್ಲಿ ಒಂದು ಚಾ ತಿಂಡಿಯ ಹೋಟೆಲಿತ್ತು. ಅದನ್ನು ಕೆಡವಿ ಮಾಳಿಗೆಯ ಲಾಡ್ಜ್ ಕಟ್ಟಬೇಕೆಂದು ಹೊರಟಿದ್ದರು. ಎಲ್ಲಿಂದಲೋ ಬಂದ ಇಂಗ್ಲಿಷ್ ಬಿಸ್ಕೆಟಿನ ಡಬ್ಬವೊಂದು ನಮ್ಮ ಮನೆಯಲ್ಲಿತ್ತು, ಮುಚ್ಚಳದ ಮೇಲೆ ಬಣ್ಣದ ಕ್ಯಾಸಲ್ ಚಿತ್ರ. ಅದನ್ನು ಊಟದ ಮೇಜಿನ ಮೇಲಿಟ್ಟು ನೋಡುತ್ತಾ ಕೂರುವರು. "ಲಾಡ್ಜ್ ಅಂದ್ರೆ ಹೀಗಿರ್ಬೇಕು. ಎದುರಿಗೆ ನಮ್ಮ ಹಳೆ ಕಲ್ಲಿನ ಬಾಗಿಲು, ಎರಡು ಬದಿ ಗೋಪುರ. ಮಂಗಳೂರೇ ಬಾಯಿ ಬಿಡ್ಬೇಕು." ಈ ಮಾತಿನಲ್ಲಿ 'ನಮ್ಮ ಹಳೆ ಕಲ್ಲಿನ ಬಾಗಿಲು' ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ. ಯೋಚಿಸಿ, ನಿಜವಾದ ಕೋಟೆಯನ್ನು ಕಿತ್ತು ಡಬ್ಬದ ಮುಚ್ಚಳದ ಮೇಲಿನ ಕೋಟೆ ಕಟ್ಟುವುದು! ಇಂಥ ಐಡಿಯಾ ಬರಬೇಕಾದರೆ ಮನುಷ್ಯ ಬಹಳ ಸುಖವಾಗಿ ಬೆಳೆದಿರಬೇಕು.

ಮಾವನನ್ನು ಬೈಯುತ್ತೇನೆ, ನನ್ನ ತಲೆಯಲ್ಲಿ ಇದ್ದದ್ದೂ ಅದೇ ಕ್ಯಾಸಲ್. ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಸಿಸ್ಟರ್ ಸಮುದ್ರದಾಚೆಯವರು. ಬೋರ್ಡಿನ ಮೇಲೆ ಚಾಕ್‌ಪೀಸಿನಲ್ಲಿ ಬಿಡಿಸಿ ತೋರಿಸುವರು: ಇದು ಸುತ್ತ ನೀರಿನ ಮೋಟ್, ಇದು ಎತ್ತಿ ಇಳಿಸುವ ಸೇತುವೆ, ಡ್ರಾಬ್ರಿಜ್, ಈ ಗೋಪುರದ ಟರೆಟ್ಟಿನಲ್ಲಿ ಲೇಡಿ ನಿಂತು, ಕುದುರೆ ಏರಿದ ವೀರ, ತನ್ನ ನೈಟ್ ಬರುವ ದಾರಿ ಕಾಯುತ್ತಾಳೆ. ಬೆಳಿಗ್ಗೆ ಗಂಜಿಯೂ ಬಂಗುಡೆಯೂ ತಿಂದು ಬಂದ ನಾವು ಹುಡುಗಿಯರು ಉಸಿರು ಹಿಡಿದು ಕೇಳುತ್ತಿದ್ದೆವು. ಒಂದು ದಿನ ನಾನು ಎದ್ದು ನಿಂತು, "ಸಿಸ್ಟರ್, ವಿ ಆಲ್ಸೋ ಹ್ಯಾವ್ ಎ ಕ್ಯಾಸಲ್" ಎಂದುಬಿಟ್ಟೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನನ್ನ ಬೆಂಚಿನ ಗೆಳತಿ, ಬಂದರಿನ ಬ್ಯಾರಿ ವ್ಯಾಪಾರಿಗಳ ಮಗಳು, ಮೊಣಕೈಯಿಂದ ತಿವಿದು, "ಮತ್ತೆ ನಿನ್ನ ನೈಟ್ ಎಲ್ಲಿ ಮಾರಾಯ್ತಿ? ಹಂಪನಕಟ್ಟೆಯಲ್ಲಿ ಬಸ್ಸಿಗೆ ನಿಂತಿದ್ದಾನಾ?" ಎಂದಳು. ಸಿಸ್ಟರ್ ನಗಲಿಲ್ಲ. ಬಹಳ ಮೃದುವಾಗಿ, "ನೋ ಡಿಯರ್, ದಟ್ ವುಡ್ ಬಿ ಎ ಫೋರ್ಟ್" ಎಂದರು. ನನಗೆ ನಗುವಿಗಿಂತ ಅದೇ ಹೆಚ್ಚು ನೋಯಿತು.

ಹಾಗಾಗಿ ಮಾವ ಕೋಟೆಗೆ ಹೋಗುವ ಎಂದಾಗ ನನ್ನಷ್ಟು ಕುಣಿದವರಿಲ್ಲ. ಮಳೆ ನಿಂತು ಗದ್ದೆಯ ಕೆಲಸ ಮುಗಿದ ಸಮಯ. ನಾನು ಸ್ಕೂಲಿನ ಕೊನೆಯ ಕ್ಲಾಸಿನಲ್ಲಿದ್ದೆ. ಬೆಳಗಿನ ತಿಂಡಿಗೆ ಕೂತಾಗ ಮಾವ ಅಮ್ಮನಿಗೆ ಹೇಳಿದರು:

"ಅಕ್ಕ, ಕೋಟೆಯ ದೈವಕ್ಕೆ ತಂಬಿಲ ಕೊಡ್ಲಿಕ್ಕುಂಟು. ಈ ಸಲ ನೀನೂ ಬಾ. ಬರುದು ಮಾತ್ರ ಅಲ್ಲ, ನೀನೇ ಮುಂದೆ ನಿಲ್ಲು."

ತಂಬಿಲ ಎಂದರೆ ದೈವಕ್ಕೆ ವರ್ಷಕ್ಕೊಮ್ಮೆ ಹೂವು, ಎಳನೀರು, ಅವಲಕ್ಕಿ ಇಟ್ಟು ಕೈಮುಗಿಯುವುದು. ಅಲ್ಲಿಯವರೆಗೆ ಮುಂದೆ ನಿಲ್ಲುತ್ತಿದ್ದದ್ದು ಮಾವ; ಹೆಂಗಸರು ಹೋದರೂ ಹಿಂದೆ, ಅವರ ಬೆನ್ನು ನೋಡಿಕೊಂಡು.

ಅಮ್ಮ ದೋಸೆಯ ಸಟ್ಟುಗ ಹಿಡಿದುಕೊಂಡೇ ನಿಂತಳು. "ನಾನಾ? ಇಷ್ಟು ವರ್ಷ ಇಲ್ಲದ್ದು ಈಗ ಎಂತಕ್ಕೆ?"

"ಎಂತಕ್ಕೆ ಅಂದ್ರೆ? ನೀನಲ್ವಾ ದೊಡ್ಡವಳು? ಕಾಲ ಬದಲಾಯ್ತು ಅಕ್ಕ. ಈಗ ಲೇಡೀಸ್ ಫಸ್ಟ್. ಬೇಕಾದ್ರೆ ನಿನ್ನ ಕಾನ್ವೆಂಟ್ ಮಗಳಲ್ಲಿ ಕೇಳು."

"ಹೌದಮ್ಮ, ಲೇಡೀಸ್ ಫಸ್ಟ್!" ಎಂದು ನಾನು ಕೂಗಿದೆ. ಅಮ್ಮ ಮುಖ ಆಚೆ ತಿರುಗಿಸಿದಳು. ಆದರೆ ಕಾವಲಿಯ ಮೇಲಿನ ದೋಸೆ ಸೀದುಹೋದದ್ದು ಅವಳಿಗೆ ಗೊತ್ತಾಗಲಿಲ್ಲ. ಆ ಸಂಜೆ ಪೆಟ್ಟಿಗೆಯಿಂದ ಅಜ್ಜಿಯ ಸೀರೆ ತೆಗೆದು ಬಿಸಿಲಿಲ್ಲದ ಜಗಲಿಯಲ್ಲಿ ಹರಡಿದಳು. ಈ ಚಿತ್ರ ನೆನಪಾದಾಗೆಲ್ಲ ನನಗೆ ಮಾವನ ಮೇಲೆ ಬರುವಷ್ಟು ಸಿಟ್ಟು ಬೇರೆ ಯಾವುದಕ್ಕೂ ಬರುವುದಿಲ್ಲ. ಸುಳ್ಳು ಹೇಳಿದ್ದಕ್ಕಿಂತ, ಮೋಸ ಮಾಡಿದ್ದಕ್ಕಿಂತ, ಅವಳಿಗೆ ಆ ಸೀರೆ ತೆಗೆಯುವ ಹಾಗೆ ಮಾಡಿದ್ದು.

ಅವರ ಲೆಕ್ಕಾಚಾರ ಹೀಗಿತ್ತು. ತಂಬಿಲದಲ್ಲೂ ಗಿಂಡಿ ಇರುತ್ತದೆ, ಹೂವು ತೊಳೆಯಲಿಕ್ಕೆ, ಕಲ್ಲು ತೊಳೆಯಲಿಕ್ಕೆ. ಹಿಂದೆ ನಿಲ್ಲುವ ಹೆಂಗಸರಿಗೆ ಯಾವ ನೀರು ತೊಳೆಯುವುದಕ್ಕೆ, ಯಾವ ನೀರು ಕೊಡುವುದಕ್ಕೆ ಎಂದು ಕಾಣುವುದೇ ಇಲ್ಲ. ಅಕ್ಕನ ಕೈಗೆ ಗಿಂಡಿ ಕೊಟ್ಟು 'ಬಿಡು' ಎಂದರೆ ಬಿಡುತ್ತಾಳೆ. ಬಿಟ್ಟ ಮೇಲೆ ಕೊಟ್ಟಾಯಿತು.

ಮರುವಾರ ಮಾವನ ಕಪ್ಪು ಕಾರಿನಲ್ಲಿ ಹೊರಟೆವು. ಊರಂಚಿನ ಪಡೀಲು ದಾಟುವಾಗಲೇ ಅಮ್ಮನಿಗೆ ವಾಂತಿ ಬಂದ ಹಾಗಾಗಿ ನಿಂಬೆಹಣ್ಣು ಮೂಸುತ್ತಾ ಕೂತಳು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, ಮುಂದಿನ ವಾರ ಕ್ಲಾಸಿನಲ್ಲಿ ಏನೇನು ಹೇಳಬೇಕೆಂದು ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸುತ್ತಿದ್ದೆ. 'ದಿ ಏನ್ಶಂಟ್ ಗೇಟ್‌ವೇ ಸ್ಟುಡ್ ಪ್ರೌಡ್ ಅಂಡ್ ಸೈಲೆಂಟ್.' ಕೋಟೆ ನೋಡುವ ಮೊದಲೇ ವಾಕ್ಯ ತಯಾರಿತ್ತು.

ಗುಡ್ಡೆಯ ಬುಡದಲ್ಲಿ ದೈವದ ಚಾಕರಿ ಮಾಡುವ ಮುದುಕರೊಬ್ಬರು ಬುಟ್ಟಿ ಹೊತ್ತು ಕಾಯುತ್ತಿದ್ದರು. ಅವರ ಹಿಂದೆ ನಾವು. ದಾರಿ ಎಂದರೆ ಜಾರುವ ಕೆಂಪು ಮಣ್ಣು, ಕುಂಟುನೇರಳೆಯ ಪೊದೆ, ಕಾಲಿಗೆ ಅಂಟುವ ಹುಲ್ಲಿನ ಮುಳ್ಳು. ಅಮ್ಮ ಅಜ್ಜಿಯ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಬಾಯಿಯಲ್ಲಿ ಉಸಿರಾಡುತ್ತಾ ಹತ್ತಿದಳು. ಮಾವ ಮುಂದಿನಿಂದ, "ಮೆಲ್ಲ ಬಾ ಅಕ್ಕ, ಗಡಿಬಿಡಿ ಎಂತ ಇಲ್ಲ" ಎಂದು ಕೂಗುವರು. ಅಷ್ಟು ಪ್ರೀತಿ ಅವರು ಅದಕ್ಕಿಂತ ಮೊದಲು ತೋರಿಸಿದ್ದು ನನಗೆ ನೆನಪಿಲ್ಲ.

ಮೇಲೆ ಬಂದಾಗ ಹೆಬ್ಬಾಗಿಲು ಎದುರಿಗೇ ಇತ್ತು. ನಾನು ಜೋಡಿಸಿದ ವಾಕ್ಯ ಮರೆತೇಹೋಯಿತು. ಮೋಟ್ ಇಲ್ಲ, ಟರೆಟ್ ಇಲ್ಲ. ಆನೆ ಹೋಗುವಷ್ಟು ಎತ್ತರದ ಕಪ್ಪು ಬಾಗಿಲು, ಮೇಲಿನ ಅಡ್ಡಕಲ್ಲಿನಲ್ಲಿ ಸವೆದುಹೋದ ಒಂದು ಹೂವು, ಅದರ ಆಚೆ ಬರೀ ಆಕಾಶ. ಗೋಡೆಯೇ ಇಲ್ಲದ ಕಡೆ ಬಾಗಿಲು ನಿಂತದ್ದನ್ನು ನೋಡಿದರೆ, ಅದು ಯಾರನ್ನೋ ತಡೆಯಲಿಕ್ಕೆ ನಿಂತ ಹಾಗಿರಲಿಲ್ಲ, ಬನ್ನಿ ಎನ್ನುವ ಹಾಗಿತ್ತು. ಅಮ್ಮ ಕಂಬದ ಕಲ್ಲಿಗೆ ಅಂಗೈ ಇಟ್ಟು ಸುಧಾರಿಸಿಕೊಂಡಳು. ಕೈ ತೆಗೆದಾಗ ಅಂಗೈ ಬೆಳ್ಳಗಾಗಿತ್ತು.

ಸುಣ್ಣ. ಬಾಗಿಲಿನ ಪ್ರತಿಯೊಂದು ಕಲ್ಲಿನ ಮೇಲೂ ಸುಣ್ಣದಲ್ಲಿ ನಂಬರ್ ಬರೆದಿತ್ತು. ಎಡಗಡೆಯ ಬುಡದಿಂದ ಶುರುವಾಗಿ, ಒಂದರ ಮೇಲೊಂದು ಏರಿ, ಅಡ್ಡಕಲ್ಲು ದಾಟಿ, ಬಲಗಡೆಯಿಂದ ಇಳಿದಿತ್ತು. ಅಡ್ಡಕಲ್ಲಿನ ಆ ಹೂವಿನ ಮೇಲೇ ಒಂದು ದೊಡ್ಡ ಅಂಕೆ.

"ಇದೆಂತ ತಮ್ಮ?" ಎಂದಳು ಅಮ್ಮ.

"ಅದಾ? ಸರ್ವೆಯವರು ಹಾಕಿದ್ದು. ಸರಕಾರದವರಿಗೆ ಬೇರೆ ಕೆಲಸ ಉಂಟಾ? ಕಲ್ಲು ಕಂಡ್ರೆ ನಂಬರ್ ಹಾಕ್ತಾರೆ."

ಅಮ್ಮ ಸೀರೆಯ ಸೆರಗಿಗೆ ಕೈ ಒರೆಸಲಿಲ್ಲ. ಅಂಗೈಯನ್ನು ಹಾಗೇ ತೆರೆದು ಹಿಡಿದುಕೊಂಡು ಒಳಗೆ ನಡೆದಳು.

ದೈವದ ಕಲ್ಲಿನ ಹತ್ತಿರ ಮುದುಕರು ಎಲೆ ಹಾಸಿ, ಹೂವು, ಅವಲಕ್ಕಿ, ಎಳನೀರು ಇಟ್ಟರು. ಬಂಡೆಯಲ್ಲಿ ಕೊರೆದ ಹಳೆಯ ಕೆರೆಯಿಂದ ಗಿಂಡಿಯಲ್ಲಿ ನೀರು ತಂದರು. ಮಾವ ಅಮ್ಮನನ್ನು ಮುಂದೆ ನಿಲ್ಲಿಸಿ, ತಾವು ಹಿಂದೆ, ಅವಳ ಹೆಗಲ ಹತ್ತಿರವೇ ನಿಂತರು. ಮುದುಕರು ಗಿಂಡಿಯನ್ನು ಅವಳ ಕೈಗೆ ಕೊಟ್ಟು ಗೊಣಗೊಣ ಎಂದು ದೈವಕ್ಕೆ ಅರಿಕೆ ಮಾಡಲು ತೊಡಗಿದರು.

ಆಗ ಬಾಗಿಲಿನ ಕಡೆಯಿಂದ ಏದುಸಿರು ಬಿಡುತ್ತಾ ಒಬ್ಬರು ಬಂದರು. ದಪ್ಪ ಆಳು, ತಲೆಗೆ ಬಿಳಿ ಟೊಪ್ಪಿ, ಕೈಯಲ್ಲಿ ಕೊಡೆ. ಮಂಗಳೂರಿನ ಲಾರಿ ಸಾಹೇಬರು. ಹಂಚು, ಕಲ್ಲು ಸಾಗಿಸುವ ವ್ಯಾಪಾರ. ನಾವು ಅವರನ್ನು ಕೊಟ್ಟಾರದ ಮನೆಯಲ್ಲಿ ಒಂದೆರಡು ಸಲ ಕಂಡಿದ್ದೆವು.

"ನೀವು ಇಲ್ಲಿಗೆ ಎಂತಕ್ಕೆ ಬಂದದ್ದು? ಕೆಳಗೆ ನಿಲ್ಲಿ ಅಂತ ಹೇಳಿದ್ದೆನಲ್ಲ?" ಮಾವನ ಧ್ವನಿ ಚೂರಿಯ ಹಾಗಿತ್ತು.

"ಲಾರಿ ಗುಡ್ಡೆಯ ಬುಡಕ್ಕೆ ಬರ್ತದಾ ನೋಡ್ಲಿಕ್ಕೆ ಬಂದೆ ಯಜಮಾನ್ರೇ. ಹೇಗೂ ಬಂದೆ, ಅಕ್ಕ ಕೊಡುವಾಗ ನಾನೂ ಕಣ್ಣಲ್ಲಿ ನೋಡುವ ಅಂತ. ನಾಳೆ ಯಾರೂ ಮಾತು ಬರಿಸಬಾರ್ದಲ್ಲ?"

"ನಾನು ಎಂತ ಕೊಡುದು?" ಎಂದಳು ಅಮ್ಮ. ಹಿಂದೆ ತಿರುಗಲಿಲ್ಲ.

ಸಾಹೇಬರು ಕೊಡೆ ಊರಿ ನಿಂತರು. ಅವರ ಮುಖದಲ್ಲಿ ಬೆವರಿಗಿಂತ ಬೇರೆಯದೊಂದು ಇಳಿಯುತ್ತಿತ್ತು. "ಬಾಗಿಲು... ಅಕ್ಕ ಒಪ್ಪಿ ಆಗಿದೆ ಅಂತ ಹೇಳಿದ್ರಲ್ಲ ಯಜಮಾನ್ರೇ? ಮೊನ್ನೆ ಆಳು ಕಳಿಸಿ ನಂಬರ್ ಹಾಕಿಸಿದ್ದು ಅದಕ್ಕೇ ಅಲ್ವಾ?"

ಮುದುಕರ ಅರಿಕೆ ನಿಂತಿತು. ಮಾವ ಅಮ್ಮನ ಕಿವಿಯ ಹತ್ತಿರ ಬಾಗಿ, ನಗುವ ಧ್ವನಿಯಲ್ಲಿ ಹೇಳಿದರು: "ಅಕ್ಕ, ಅದೆಲ್ಲ ಮನೆಯಲ್ಲಿ ಮಾತಾಡುವ. ಹಾಳುಬಿದ್ದ ಕಲ್ಲು, ಹಾವು ಮಲಗ್ಲಿಕ್ಕೆ ಬಿಟ್ರೆ ಯಾರಿಗೆ ಏನು ಸಿಕ್ತದೆ? ಈಗ ಹೇಗೂ ಕೈಯಲ್ಲಿ ಉಂಟು, ಸ್ವಲ್ಪ ನೀರು ಬಿಟ್ಟುಬಿಡು."

ಅಮ್ಮ ಗಿಂಡಿಯನ್ನು ಮುಂದಕ್ಕೆ ಚಾಚಿದಳು. ಮೂತಿ ನೆಲದ ಕಡೆಗೆ ಬಗ್ಗಿತು. 'ಅಮ್ಮ, ಬೇಡ' ಎನ್ನಬೇಕೆಂದರೆ ನನಗೆ ತುಳುವೂ ಬರಲಿಲ್ಲ, ಇಂಗ್ಲಿಷೂ ಬರಲಿಲ್ಲ. ಆಮೇಲೆ ಅವಳು ನಿಧಾನವಾಗಿ ಗಿಂಡಿಯನ್ನು ತಲೆಗಿಂತ ಮೇಲೆ ಎತ್ತಿದಳು. ಕುತ್ತಿಗೆ ಹಿಂದಕ್ಕೆ ಬಾಗಿಸಿ, ಬಾಯಿ ತೆರೆದು, ಆ ನೀರನ್ನು ಎತ್ತಿ ಕುಡಿದಳು. ಗಂಡಸರ ಮುಂದೆ, ದೈವದ ಮುಂದೆ, ಗಟಗಟನೆ, ಒಂದು ಹನಿ ನೆಲಕ್ಕೆ ಬೀಳದ ಹಾಗೆ. ಗಿಂಡಿ ಬರಿದಾದ ಮೇಲೆ ಅದನ್ನು ಮಗುಚಿ ಮಾವನಿಗೆ ತೋರಿಸಿದಳು.

"ಬಾಯಾರಿತ್ತು ತಮ್ಮ. ಎಷ್ಟು ಹತ್ತಿಸಿದೆ ನೀನು ನನ್ನನ್ನು."

ಮಾವ ಚಪ್ಪಾಳೆ ತಟ್ಟಿ ನಕ್ಕರು. "ಆಯ್ತು, ಆಯ್ತು. ಇನ್ನೊಂದು ಗಿಂಡಿ ತನ್ನಿ."

ಮುದುಕರು ಏಳಲಿಲ್ಲ. ಎಲೆಯ ಮೇಲಿನ ಅವಲಕ್ಕಿಯನ್ನು ಬಟ್ಟೆಗೆ ಸುರಿದು ಗಂಟು ಕಟ್ಟುತ್ತಾ, "ದೊಡ್ಡವರು ಕೊಡ್ಲಿಲ್ಲ ಧಣಿ. ಕುಡಿದ್ರು. ಇನ್ನು ನಾನು ಕೇಳುವ ಹಾಗಿಲ್ಲ" ಎಂದರು. ಸಾಹೇಬರು ಅಮ್ಮನ ಕಡೆ ನೋಡದೆ ಅವಳಿಗೇ ಹೇಳಿದರು: "ಅಕ್ಕ, ನನಗೆ ಗೊತ್ತಿರ್ಲಿಲ್ಲ, ಅಲ್ಲಾಹನಾಣೆ. ಸುಣ್ಣ ನಾನೇ ತೊಳೆಸ್ತೇನೆ." ಮಾತಿಗೆ ತಪ್ಪದೆ ತೊಳೆಸಿದರಂತೆ. ಬೇರೆ ಲಾರಿಯವರೂ ಆಮೇಲೆ ಆ ಕೆಲಸ ಹಿಡಿಯಲಿಲ್ಲ.

ಇಳಿಯುವಾಗ ಮಾವ 'ಮೆಲ್ಲ ಬಾ' ಎನ್ನಲಿಲ್ಲ.

ಇಲ್ಲಿಗೆ ನಿಂತಿದ್ದರೆ ನಾನು ಈಗ ಪಾಯಸ ತಿಂದು ಸುಖವಾಗಿ ಇರುತ್ತಿದ್ದೆ. ಆದರೆ ಆ ಕಾಲಕ್ಕೆ ಹೊಸ ಕಾನೂನು ಬಂದಾಗಿತ್ತು. ಮೊದಲು ನಮ್ಮಂಥ ಕುಟುಂಬಗಳಲ್ಲಿ ಪಾಲು ಕೇಳುವಂತಿರಲಿಲ್ಲ, ಈಗ ಕೇಳಬಹುದು. ಮಾವ ಕೇಳಿದರು. ಕೊಟ್ಟಾರದ ಜಗಲಿಯಲ್ಲಿ ವಕೀಲರನ್ನು ಕೂರಿಸಿಕೊಂಡು ಬಹಳ ಮರ್ಯಾದೆಯಿಂದ ಮಾತಾಡಿದರು: "ನನಗೆ ಹಟ ಇಲ್ಲ ಅಕ್ಕ. ನೀನು ದೊಡ್ಡವಳು, ಮೊದಲು ನೀನೇ ಆರಿಸು. ಒಂದು ಕಡೆ ಈ ಮನೆ, ಹಿತ್ತಿಲು. ಇನ್ನೊಂದು ಕಡೆ ಗುಡ್ಡೆ, ಬುಡದ ಗದ್ದೆ." ಮಗಳನ್ನು ಕಾಲೇಜಿಗೆ ಕಳಿಸಬೇಕಾದ ಹೆಂಗಸು, ಗಂಡ ಊರಿನಲ್ಲಿಲ್ಲದ ಹೆಂಗಸು, ಪೇಟೆಯ ಮನೆ ಬಿಟ್ಟು ಹಾಳು ಗುಡ್ಡೆ ಹಿಡಿಯುತ್ತಾಳೆಯೇ? ಮಾವ ಇದನ್ನು ನಂಬಿದ್ದರು. ನಾನೂ ನಂಬಿದ್ದೆ.

"ಗುಡ್ಡೆ," ಎಂದಳು ಅಮ್ಮ.

ವಕೀಲರು ಕನ್ನಡಕ ತೆಗೆದು ಒರೆಸಿದರು. ಮಾವನ ಮುಖ ಒಂದು ಕ್ಷಣ ಖಾಲಿಯಾಯಿತು. ನಾನು ಒಳಗೆ ಓಡಿ ಹಾಸಿಗೆಯ ಮೇಲೆ ಬಿದ್ದೆ. ರಾತ್ರಿ ಊಟಕ್ಕೆ ಕರೆದಾಗ ಅಮ್ಮನಿಗೆ ಹೇಳಿದೆ, ಇಂಗ್ಲಿಷಿನಲ್ಲಿ, ಅವಳಿಗೆ ಅರ್ಥವಾಗಬಾರದೆಂದು: "ಯು ಹ್ಯಾವ್ ಗಿವನ್ ಅವೇ ಮೈ ಹೋಮ್." ಅವಳು, "ಎಂತ ಬೈಯುದಾದ್ರೂ ಉಂಡು ಬೈ" ಎಂದಳು.

ನಾವು ಪಡೀಲಿನಲ್ಲಿ ಒಂದು ಬಾಡಿಗೆ ಮನೆಗೆ ಹೋದೆವು. ಎರಡು ಕೋಣೆ, ಹಿಂದೆ ಬಾವಿ, ಎದುರಿಗೆ ರಸ್ತೆಯ ಧೂಳು. ಗುಡ್ಡೆಯ ಬುಡದ ಗದ್ದೆಯಿಂದ ಅಕ್ಕಿ ಬರುತ್ತಿತ್ತು, ತಂದೆಯವರು ಕಳಿಸಿದ್ದರಲ್ಲಿ ಉಳಿದದ್ದು ನಡೆಯುತ್ತಿತ್ತು. ಕಾಲೇಜು ನಡೆಯಲಿಲ್ಲ. ನಾನು ಟೈಪಿಂಗ್ ಕಲಿತು ಒಂದು ಹಂಚಿನ ಕಾರ್ಖಾನೆಯ ಆಫೀಸಿಗೆ ಸೇರಿದೆ. ಸಿಸ್ಟರ್ ಹತ್ತಿರ ಕಲಿತ ಇಂಗ್ಲಿಷ್ ಅಲ್ಲಿ 'ವಿ ಬೆಗ್ ಟು ಅಕ್ನಾಲೆಜ್' ಎನ್ನುವುದಕ್ಕೆ ಉಪಯೋಗವಾಯಿತು. ಬಂದರಿನ ಗೆಳತಿ ಮದುವೆಯಾಗಿ ಹೋದಳು, ಮೊದಮೊದಲು ಈದ್‌ಗೆ ಬಿರಿಯಾನಿ ಕಳಿಸುತ್ತಿದ್ದಳು, ಆಮೇಲೆ ಅದೂ ನಿಂತಿತು.

ಪೇಟೆಯಲ್ಲಿ ಮಾವನ ಲಾಡ್ಜ್ ಎದ್ದಿತು. ಗೋಪುರ ಸಿಮೆಂಟಿನದು, ಬಾಗಿಲೂ ಸಿಮೆಂಟಿನದು, ಕಲ್ಲಿನ ಹಾಗೆ ಕಾಣಲಿ ಎಂದು ಗೆರೆ ಎಳೆದಿದ್ದರು. ಜನ ಬಾಯಿ ಬಿಟ್ಟು ನೋಡಿದರು, ಅದು ನಿಜ. ನೋಡಿ, ಊಟ ಮಾಡಿ, ಕೈ ತೊಳೆದು, "ಅಕ್ಕನಿಗೆ ಮೊದಲು ಆರಿಸ್ಲಿಕ್ಕೆ ಬಿಟ್ರಂತೆ, ಎಂಥ ದೊಡ್ಡ ಮನಸ್ಸು" ಎಂದರು. ಪಡೀಲಿನ ಬಸ್ಸಿನಲ್ಲಿ ನನ್ನ ಎದುರಿಗೇ ಹೇಳಿದವರಿದ್ದಾರೆ. ಅಮ್ಮನ ವಿಷಯ ಬಂದರೆ ತಲೆಯ ಹತ್ತಿರ ಬೆರಳು ತಿರುಗಿಸುವರು. ಕೊಡುವುದಿಲ್ಲ ಎಂದು ಹೇಳಲಿಕ್ಕೆ ಅವಳು ಒಂದು ಮನೆ ಕಳೆದುಕೊಂಡಳು. ಅದನ್ನು ಕಿತ್ತುಕೊಂಡವರಿಗೆ ದೊಡ್ಡ ಮನಸ್ಸಿನ ಬಿರುದು, ಕಳೆದುಕೊಂಡವಳಿಗೆ ತಲೆ ಸರಿಯಿಲ್ಲ ಎಂಬ ಹೆಸರು. ಇದರಲ್ಲಿ ನಾನು ಯಾವುದನ್ನು ಕ್ಷಮಿಸಬೇಕು, ಹೇಳಿ.

ವರ್ಷಗಳು ಕಳೆದು ಅರುವತ್ತರ ದಶಕ ಅರ್ಧ ದಾಟಿದ ಮೇಲೆ ಮಾವ ಒಂದು ಭಾನುವಾರ ಪಡೀಲಿನ ಮನೆಗೆ ಬಂದರು. ಪಾಲಿನ ನಂತರ ಅದೇ ಮೊದಲ ಸಲ. ದಪ್ಪವಾಗಿದ್ದರು, ಕೂರುವಾಗ ಕುರ್ಚಿಯ ಕೈ ಹಿಡಿದು ಕೂತರು. ಅಮ್ಮ, "ಬಾ ತಮ್ಮ" ಎಂದಳು, ನಿನ್ನೆ ಹೋಗಿ ಇವತ್ತು ಬಂದವರಿಗೆ ಹೇಳುವ ಹಾಗೆ. ನನಗೆ ಮೈ ಉರಿಯಿತು. ನಾನು ಅಡಿಗೆಮನೆಯ ಬಾಗಿಲಲ್ಲೇ ನಿಂತೆ.

"ಅಕ್ಕ, ಸುತ್ತುಬಳಸಿ ಮಾತಾಡುದಿಲ್ಲ. ಆ ಸಿಮೆಂಟ್ ಬಾಗಿಲು ಎರಡೇ ಮಳೆಗೆ ಪಾಚಿ ಹಿಡಿದು ಕಪ್ಪಾಯ್ತು, ಈಗ ಬಿರುಕು ಬಿಡ್ತಾ ಉಂಟು. ಜನ ನಗ್ತಾರೆ. ನನಗೆ ಆ ಕಲ್ಲಿನ ಬಾಗಿಲು ಬೇಕು. ನೀನು ನೀರು ಬಿಡು, ಕೊಟ್ಟಾರದ ಮನೆ ವಾಪಸ್ ತಗೊ. ನಿನ್ನ ಹೆಸರಿಗೇ ಮಾಡಿಸ್ತೇನೆ. ಈ ಹುಡುಗಿಗೂ ವಯಸ್ಸಾಯ್ತು, ಬಾಡಿಗೆ ಮನೆಯಲ್ಲಿ ಇಟ್ರೆ ಯಾರು ಸಂಬಂಧ ಕೇಳಿಕೊಂಡು ಬರ್ತಾರೆ?"

ಕೊಟ್ಟಾರದ ಮನೆ. ನನ್ನ ಕೈ ಬಾಗಿಲಿನ ಚೌಕಟ್ಟು ಹಿಡಿದುಕೊಂಡಿತು. ಕೆಂಪು ನೆಲದ ತಂಪು ಅಂಗಾಲಿಗೆ ತಾಗಿದ ಹಾಗಾಯಿತು. ಹೂಂ ಅನ್ನು ಅಮ್ಮ, ಎಂದು ನಾನು ಒಳಗೇ ಕೂಗುತ್ತಿದ್ದೆ. ಒಂದು ಗಿಂಡಿ ನೀರು, ಅಷ್ಟೆ, ಯಾವ ರಾಣಿ ಎದ್ದು ಬಂದು ಕೇಳುತ್ತಾಳೆ? ಈ ಮನುಷ್ಯ ನನ್ನ ಮನೆಯನ್ನು ಜೇಬಿನಲ್ಲಿಟ್ಟುಕೊಂಡು ಬಂದು ಆಸೆ ತೋರಿಸುತ್ತಿದ್ದಾನೆ, ನನಗೆ ಆಸೆಯಾಗುತ್ತಿದೆ! ಅವರ ಮೇಲೆ ನನಗಿದ್ದ ಸಿಟ್ಟು ಆ ಕ್ಷಣ ದುಪ್ಪಟ್ಟಾಯಿತು.

ಅಮ್ಮ ನನ್ನ ಕಡೆ ಒಮ್ಮೆ ನೋಡಿದಳು. ನನ್ನ ಮುಖದಲ್ಲಿ ಇದ್ದದ್ದನ್ನು ಅವಳು ಪೂರ್ತಿ ಓದಿದಳು ಎಂದೇ ನನಗನಿಸುತ್ತದೆ. ಆಮೇಲೆ ತಮ್ಮನ ಕಡೆ ತಿರುಗಿ, "ಚಾ ಕುಡಿದು ಹೋಗು" ಎಂದಳು.

"ಅಕ್ಕ, ನಾನು ಕೇಳಿದ್ದು..."

"ಕೇಳಿತು ನನಗೆ. ಕಿವಿ ಇನ್ನೂ ಸರಿ ಉಂಟು." ನನ್ನ ಕಡೆಗೆ ಕೈ ಮಾಡಿದಳು. "ಮಾವನಿಗೆ ಚಾ ಮಾಡು ಮಗ."

ನಾನು ಚಾ ಮಾಡಿದೆ. ಸಕ್ಕರೆ ಡಬ್ಬ ಮುಟ್ಟಲಿಲ್ಲ. ಬೇಕೆಂದೇ, ಬರೀ ಕಹಿ ಸೊಪ್ಪಿನ ಹಾಗೆ ಕುದಿಸಿದ ಕಡುಚಾ. ನನ್ನ ಕೈಲಾದದ್ದು ಅಷ್ಟೇ ಇತ್ತು. ಕಪ್ಪನ್ನು ಮಾವನ ಮುಂದೆ ಕುಟ್ಟಿ ಇಟ್ಟು ಅಲ್ಲೇ ನಿಂತೆ, ಮುಖ ಸಿಂಡರಿಸುವುದನ್ನು ನೋಡಬೇಕೆಂದು.

ಮಾವ ಒಂದು ಗುಟುಕು ಕುಡಿದರು. ಹುಬ್ಬು ಏರಿತು. ಇನ್ನೊಂದು ಗುಟುಕು ಕುಡಿದು, ಕಪ್ಪು ಕೆಳಗಿಟ್ಟು, ಕಣ್ಣು ಒದ್ದೆ ಮಾಡಿಕೊಂಡು ನನ್ನನ್ನು ನೋಡಿದರು. "ನೋಡು ಅಕ್ಕ, ನನಗೆ ಶುಗರ್ ಬಂದದ್ದು ನನ್ನ ಮನೆಯವರಿಗೇ ನೆನಪಿರುದಿಲ್ಲ. ಇವಳಿಗೆ ಯಾರು ಹೇಳಿದ್ರೋ! ಕಾನ್ವೆಂಟಿನಲ್ಲಿ ಕಲಿಸಿದ್ದು ಸುಮ್ನೆ ಹೋಗ್ಲಿಲ್ಲ. ಮ್ಯಾನರ್ಸ್ ಅಂದ್ರೆ ಇದು."

ಕೊನೆಯ ಹನಿಯವರೆಗೂ ಕುಡಿದರು. ಅವರು ಗೇಟು ದಾಟುವವರೆಗೆ ಅಮ್ಮ ತಡೆದುಕೊಂಡಿದ್ದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ಹೋಗಿ ಬಾವಿಕಟ್ಟೆಯ ಮೇಲೆ ಕೂತೆ. ಕತ್ತಲಾಗುವವರೆಗೂ ಒಳಗೆ ಹೋಗಲಿಲ್ಲ.